ಕಷ್ಟದ ದಿನಗಳಲ್ಲಿ ಶುಕ್ರ್



ಕೈತುಂಬಾ ಸಂಪಾದನೆ ಇರುವಾಗ 'ಅಲ್‌ಹಮ್ದುಲಿಲ್ಲಾಹ್' ಎನ್ನುವುದು ನಮಗೆ ಸುಲಭ. ಕೊಲ್ಲಿಯಲ್ಲಿದ್ದ ಮಗ ಕೆಲಸ ಕಳಕೊಂಡು ಊರಿಗೆ ಮರಳಿದಾಗ, ಮನೆಯ ಹಿರಿಯರು ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗಿ ಬರುವಾಗ ಅದೇ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅಂಥ ಹೊತ್ತಿನಲ್ಲಿ ಶುಕ್ರ್ ಎಂದರೇನು? ನೋವೇ ಇಲ್ಲವೆಂದು ತೋರಿಸಿಕೊಳ್ಳುವುದೇ?

ಖಂಡಿತ ಅಲ್ಲ. ಮಗ ಯೂಸುಫ್(ಅ)ರ ಅಗಲಿಕೆಯಿಂದ ಯಾಕೂಬ್(ಅ)ರ ಕಣ್ಣುಗಳು ಬಿಳುಪೇರಿದುದನ್ನು ಕುರ್‌ಆನ್ ತಿಳಿಸುತ್ತದೆ. ಅದರಿಂದ ಅವರ ಸಹನೆಗೆ ಕುಂದು ಬರಲಿಲ್ಲ. ತಮ್ಮ ಅಳಲನ್ನು ಅವರು ಅಲ್ಲಾಹನಲ್ಲಿ ತೋಡಿಕೊಂಡರು. ಎರಡು ವರ್ಷವೂ ತುಂಬದ ಪುತ್ರ ಇಬ್ರಾಹೀಮ್ ಕೊನೆಯುಸಿರೆಳೆಯುವಾಗ ಪ್ರವಾದಿ(ಸ)ರ ಕಣ್ಣುಗಳೂ ತುಂಬಿ ಹರಿದವು. ಜೊತೆಗಿದ್ದವರು ಅಚ್ಚರಿಪಟ್ಟಾಗ, ಇದು ಕರುಣೆ ಎಂದರು. ಹಾಗಿರುವಾಗ ದುಃಖದ ಮನೆಗೆ ಹೋಗಿ 'ಅಳಬೇಡಿ, ಶುಕ್ರ್ ಮಾಡಿ' ಎಂದು ಉಪದೇಶಿಸುವುದನ್ನು ನಾವು ಬಿಡುವುದು ಒಳ್ಳೆಯದು. ಶುಕ್ರ್ ಕಷ್ಟಪಡುವವರ ಮನಸ್ಸಿನಿಂದಲೇ ಹೊರಡಬೇಕು, ಹೊರಗಿನಿಂದ ಹೇರುವಂಥದ್ದಲ್ಲ.

ಅದು ಹೇಗೆ ಹೊರಡುತ್ತದೆ ಎಂಬುದಕ್ಕೆ ಉರ್ವಾ ಬಿನ್ ಝುಬೈರ್(ರ) ಅವರ ಚರಿತ್ರೆ ನೋಡೋಣ. ಇವರು ಹಝ್ರತ್ ಅಬೂಬಕರ್(ರ)ರ ಮಗಳು ಅಸ್ಮಾ(ರ)ರ ಪುತ್ರ, ಮದೀನಾದ ಏಳು ಮಂದಿ ಪ್ರಸಿದ್ಧ ಫಿಕ್ಹ್ ವಿದ್ವಾಂಸರಲ್ಲಿ ಒಬ್ಬರು. ಖಲೀಫಾ ವಲೀದರನ್ನು ಕಾಣಲು ಡಮಾಸ್ಕಸ್‌ಗೆ ಹೋದಾಗ ಕಾಲಿಗೆ ಕೊಳೆಯುವ ರೋಗ ಹತ್ತಿ, ಕಾಲನ್ನೇ ಕತ್ತರಿಸಬೇಕಾಯಿತು. ಅದೇ ಪ್ರಯಾಣದಲ್ಲಿ ಮಗ ಮುಹಮ್ಮದ್ ಲಾಯದಲ್ಲಿ ಪ್ರಾಣಿಯ ಒದೆತಕ್ಕೆ ಸಿಕ್ಕಿ ತೀರಿಕೊಂಡರು. ಆಗ ಉರ್ವಾ(ರ) ಮಾಡಿದ್ದು ಒಂದು ಲೆಕ್ಕ: ನಾಲ್ಕು ಕೈಕಾಲುಗಳಲ್ಲಿ ಒಂದು ಹೋಯಿತು, ಮೂರು ಉಳಿದವು, ಮಕ್ಕಳಲ್ಲಿ ಒಬ್ಬನು ಹೋದ, ಉಳಿದವರಿದ್ದಾರೆ. ಹೋದುದು ಹೋಗಲಿಲ್ಲ ಎಂದು ಅವರು ಹೇಳಲಿಲ್ಲ. ಅದನ್ನೂ ಎಣಿಸಿ, ಉಳಿದುದನ್ನೂ ಎಣಿಸಿ, ಎರಡನ್ನೂ ಅಲ್ಲಾಹನ ಮುಂದೆ ಇಟ್ಟರು. ಹಾಗೆ ಉಳಿದ ಮಕ್ಕಳಲ್ಲೊಬ್ಬರು ಹಿಶಾಮ್. ಆಯಿಶಾ(ರ)ರಿಂದ ಬಂದ ಎಷ್ಟೋ ಹದೀಸ್‌ಗಳು ಉರ್ವಾರಿಂದ ಈ ಹಿಶಾಮರ ಮೂಲಕವೇ ನಮ್ಮವರೆಗೆ ತಲುಪಿವೆ.

ಕೃತಜ್ಞರಿಗೆ ಹೆಚ್ಚಿಸಿ ಕೊಡುವೆನೆಂಬ ವಾಗ್ದಾನ ಸೂರಃ ಇಬ್ರಾಹೀಮ್‌ನ 7ನೇ ವಚನದಲ್ಲಿದೆ. ಅದನ್ನು ನಾವು ಮದುವೆ, ಮನೆ ಪ್ರವೇಶಗಳಲ್ಲಿ ಓದುವುದೇ ಹೆಚ್ಚು. ಅದರ ಹಿಂದಿನ ವಚನ ಓದಿದರೆ ಸಂದರ್ಭ ಬೇರೆಯೇ ಇದೆ. ಫಿರ್‌ಔನನ ಕೈಯಲ್ಲಿ ಗಂಡುಮಕ್ಕಳನ್ನು ಕಳಕೊಂಡ ಜನಾಂಗಕ್ಕೆ ಮೂಸಾ(ಅ)ರು ಅಲ್ಲಾಹನ ಅನುಗ್ರಹವನ್ನು ನೆನಪಿಸುತ್ತಿದ್ದರು.

ಇನ್ನು ದಿನನಿತ್ಯದ ಮಾತು. ಮನುಷ್ಯನ ದೇಹದಲ್ಲಿ 360 ಕೀಲುಗಳಿವೆ, ಪ್ರತಿ ಬೆಳಗ್ಗೆ ಒಂದೊಂದು ಕೀಲಿಗೂ ಸದಕಾ ಸಲ್ಲಬೇಕು ಎಂಬ ಆಶಯದ ಹದೀಸ್‌ಗಳು ಸಹೀಹ್ ಮುಸ್ಲಿಮ್‌ನಲ್ಲಿವೆ. ಜೇಬು ಖಾಲಿ ಇರುವವರೂ ಇದನ್ನು ಸಲ್ಲಿಸಬಹುದು: ಒಂದು ತಸ್ಬೀಹ್, ಒಂದು ಒಳ್ಳೆಯ ಮಾತು ಕೂಡ ಸದಕಾ, ಬಿಸಿಲೇರಿದ ಮೇಲಿನ ಎರಡು ರಕಅತ್ ಝುಹಾ ನಮಾಝ್ ಎಲ್ಲಕ್ಕೂ ಸಾಕಾಗುತ್ತದೆ. ನಮಗಿಂತ ಕೆಳಗಿರುವವರನ್ನು ನೋಡಬೇಕೆಂದೂ ಪ್ರವಾದಿ(ಸ)ರು ಕಲಿಸಿದ್ದಾರೆ. ನಾವೋ ರಾತ್ರಿ ಮಲಗುವವರೆಗೆ ಮೊಬೈಲಿನಲ್ಲಿ ಮೇಲಿರುವವರ ಮದುವೆ ಹಾಲ್, ಹೊಸ ಕಾರುಗಳನ್ನೇ ನೋಡುತ್ತೇವೆ!

ಜನರಿಗೆ ಕೃತಜ್ಞತೆ ಸಲ್ಲಿಸದವನು ಅಲ್ಲಾಹನಿಗೂ ಸಲ್ಲಿಸಿದಂತಾಗದು ಎಂಬ ಪ್ರವಾದಿ ಬೋಧನೆ ಕಷ್ಟಕಾಲದಲ್ಲೇ ಹೆಚ್ಚು ಮರೆತುಹೋಗುತ್ತದೆ. ಇದ್ದುದರಲ್ಲೇ ಅಡುಗೆ ಮಾಡಿ ಬಡಿಸುವ ಪತ್ನಿಗೆ, ನಡುರಾತ್ರಿ ಆಸ್ಪತ್ರೆಗೆ ರಿಕ್ಷಾ ತಂದ ನೆರೆಯವರಿಗೆ, ಅವರು ಯಾವ ಧರ್ಮದವರೇ ಆಗಿರಲಿ, ಬಾಯಿಬಿಟ್ಟು ಎರಡು ಮಾತು ಹೇಳೋಣ. ಬಾಕಿ ಕೇಳದೆ ತಿಂಗಳುಗಟ್ಟಲೆ ಅಕ್ಕಿ ಕೊಟ್ಟ ಅಂಗಡಿಯವರ ಲೆಕ್ಕವನ್ನು ನಾವೇ ಬರೆದಿಟ್ಟುಕೊಂಡು, ಕೈಗೆ ಹಣ ಬಂದ ದಿನ ಮೊದಲು ಅಲ್ಲಿಗೆ ಹೋಗುವುದೂ ಶುಕ್ರ್‌ನಲ್ಲೇ ಸೇರಿದೆ.