ಸಾಬಾ: ಮರಳ ದಂಡೆಯಿಲ್ಲದ ದ್ವೀಪ

ಕೆರಿಬಿಯನ್ ಸಮುದ್ರದ ಈಶಾನ್ಯ ಅಂಚಿನಲ್ಲಿರುವ, ನೆದರ್‌ಲ್ಯಾಂಡ್ಸ್ ದೇಶಕ್ಕೆ ಸೇರಿದ ಸಾಬಾ ದ್ವೀಪದ ವಿಸ್ತೀರ್ಣ ಸುಮಾರು 13 ಚದರ ಕಿಲೋಮೀಟರ್; ಸುಪ್ತ ಜ್ವಾಲಾಮುಖಿಯೊಂದರ ತುದಿಯೇ ನೀರಿನಿಂದ ಮೇಲೆದ್ದು ದ್ವೀಪವೆನಿಸಿರುವುದರಿಂದ, ಇಲ್ಲಿ ಸುತ್ತಲೂ ಕಡಿದಾದ ಬಂಡೆಗೋಡೆಗಳಿವೆಯೇ ಹೊರತು ಕೆರಿಬಿಯನ್ ಎಂದೊಡನೆ ನೆನಪಾಗುವ ಬಿಳಿ ಮರಳಿನ ದಂಡೆಗಳಿಲ್ಲ. ವೆಲ್ಸ್ ಬೇ ಎಂಬಲ್ಲಿ ಬೇಸಿಗೆಯಲ್ಲಿ ಬಂದು ಸೇರುವ ಒಂದಿಷ್ಟು ಮರಳನ್ನೂ ಚಳಿಗಾಲದ ಅಲೆಗಳು ಹೊತ್ತೊಯ್ಯುತ್ತವೆ. ದೊಡ್ಡ ಹೋಟೆಲುಗಳು ಇತ್ತ ಸುಳಿಯದಿರಲು ಈ ಕೊರತೆಯೂ ಕಾರಣವಾಗಿರಬೇಕು. ದ್ವೀಪದ ನಿಸರ್ಗಕ್ಕೆ ಅದು ಒಳ್ಳೆಯದನ್ನೇ ಮಾಡಿದೆ.

ನೆಲದ ಮೇಲಿನ ಕಡಿದಾದ ಇಳಿಜಾರು ನೀರೊಳಗೂ ಮುಂದುವರಿಯುತ್ತದೆ. ಜ್ವಾಲಾಮುಖಿಯ ಶಿಲಾರಸ ಉಕ್ಕಿ ಹೆಪ್ಪುಗಟ್ಟಿ ಉಂಟಾದ, 'ಪಿನಕಲ್' ಎಂದು ಕರೆಯಲಾಗುವ ಶಿಲಾಶಿಖರಗಳು ಆಳದಿಂದ ನೆಟ್ಟಗೆ ಎದ್ದು ನಿಂತಿದ್ದು, 'ಥರ್ಡ್ ಎನ್‌ಕೌಂಟರ್' ಎಂಬ ಶಿಖರದ ನೆತ್ತಿಗೇ ಸುಮಾರು 30 ಮೀಟರ್ ಇಳಿಯಬೇಕು. ಹವಳ, ಸ್ಪಂಜುಗಳು ಅಂಟಿಕೊಂಡ ಈ ಬಂಡೆಗಳ ಸುತ್ತ ಗ್ರೂಪರ್ ಮೀನುಗಳೂ ಕೆಲವೊಮ್ಮೆ ಶಾರ್ಕ್‌ಗಳೂ ಸುಳಿದಾಡುತ್ತವೆ. 'ಹಾಟ್ ಸ್ಪ್ರಿಂಗ್ಸ್' ಎಂಬಲ್ಲಂತೂ ಭೂಗರ್ಭದ ಕಾವಿಗೆ ಸಮುದ್ರತಳದ ಹಳದಿ ಮರಳು ಕೈಗೆ ಬೆಚ್ಚಗೆ ತಾಗುತ್ತದೆ. ಭರತರೇಖೆಯಿಂದ 60 ಮೀಟರ್ ಆಳದವರೆಗಿನ ಸುತ್ತಲ ಕಡಲನ್ನು 1987ರಲ್ಲಿ ಸಾಗರ ಉದ್ಯಾನವೆಂದು ಘೋಷಿಸಲಾಯಿತು. ಲಂಗರು ಹವಳವನ್ನು ಒಡೆಯದಂತೆ ದೋಣಿಗಳನ್ನು ತೇಲುಬುರುಡೆಗಳಿಗೆ ಕಟ್ಟುವ ವ್ಯವಸ್ಥೆಯಿದೆ. ಮುಳುಗುಗಾರರು ತೆರುವ ಶುಲ್ಕ ಉದ್ಯಾನದ ನಿರ್ವಹಣೆಗೆ ಒದಗುತ್ತದೆ.

ಮುಳುಗುಗಾರರು ಬಳಸುವ ಸ್ಕೂಬಾ ಎಂದರೆ ಒತ್ತಿ ತುಂಬಿದ ಗಾಳಿಯ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡು ನೀರೊಳಗೆ ಉಸಿರಾಡುವ ವಿಧಾನ. ಪ್ರತಿ 10 ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಕೂಡುತ್ತ ಹೋಗಿ, 30 ಮೀಟರಿನಲ್ಲಿ ಅದು ಮೇಲ್ಮೈಯ ನಾಲ್ಕು ಪಟ್ಟಾಗುವುದರಿಂದ, ಉಸಿರಿನ ಸಾರಜನಕ ರಕ್ತದಲ್ಲೂ ಅಂಗಾಂಶಗಳಲ್ಲೂ ಹೆಚ್ಚಾಗಿ ಕರಗುತ್ತದೆ. ಒತ್ತಡ ಥಟ್ಟನೆ ಇಳಿದರೆ ಅದೇ ಅನಿಲ ಗುಳ್ಳೆಗಳಾಗಿ ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ತೊಂದರೆ ಉಂಟುಮಾಡಬಲ್ಲದು. ಮುಳುಗಿದ ಮೇಲೆ ವಿಮಾನ ಹತ್ತಲು 12ರಿಂದ 18 ತಾಸಾದರೂ ಕಾಯಬೇಕೆಂಬ ನಿಯಮ ಎಲ್ಲೆಡೆಯದು. ಸಾಬಾದಲ್ಲಿ ಬೆಟ್ಟಕ್ಕೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಏಕೆಂದರೆ 850 ಮೀಟರಿಗೂ ಎತ್ತರವಿರುವ ಮೌಂಟ್ ಸೀನರಿಯ ತುದಿಯಲ್ಲಿ ಗಾಳಿಯ ಒತ್ತಡ ಕಡಲಮಟ್ಟಕ್ಕಿಂತ ಹತ್ತರಲ್ಲೊಂದು ಪಾಲಿನಷ್ಟು ಕಡಿಮೆ. ಹೀಗಾಗಿ ಚಾರಣಕ್ಕೂ ಮುಳುಗಿಗೂ ಬೇರೆ ಬೇರೆ ದಿನಗಳನ್ನು ಮೀಸಲಿಡುವುದೇ ಜಾಣತನ.

ಮೌಂಟ್ ಸೀನರಿಯ ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳನ್ನೇರಿದರೆ ಸಿಗುವುದು ಮೋಡಗಾಡು, ಅಂದರೆ ಮಳೆಗಿಂತ ಮಂಜಿನಿಂದಲೇ ಸದಾ ತೊಯ್ದಿರುವ, ಪಾಚಿಯೂ ಜರಿಗಿಡಗಳೂ ಮುಸುಕಿದ ಕುಳ್ಳು ಮರಗಳ ಕಾಡು. ದಾರಿಯಲ್ಲಿ ಕಾಣುವ ಕಪ್ಪು ಚುಕ್ಕೆಗಳ ಸಾಬಾ ಅನೋಲ್ ಹಲ್ಲಿಯ ಮೂಲನೆಲೆ ಜಗತ್ತಿನಲ್ಲಿ ಇದೊಂದೇ ದ್ವೀಪ. 1998ರ ಜಾರ್ಜಸ್ ಚಂಡಮಾರುತ ಇಲ್ಲಿನ ಬೆಟ್ಟಮಹಾಗನಿ ಮರಗಳನ್ನು ಭಾರೀ ಪ್ರಮಾಣದಲ್ಲಿ ಉರುಳಿಸಿದ್ದರಿಂದ, ಹಳೆಯ ಪ್ರವಾಸಕಥನಗಳು ಬಣ್ಣಿಸುವ ದಟ್ಟ ಮೇಲ್ಚಾವಣಿ ಈಗಿನ ಚಾರಣಿಗರಿಗೆ ಕಾಣಸಿಗುವುದಿಲ್ಲ.