ಗಡಿ ದಾಟುವ ಕಳ್ಳ, ಗಡಿ ದಾಟದ ಕಡತ

ಬೆಳಗಾವಿಯಲ್ಲಿ ಬೆಳಿಗ್ಗೆ ಬೈಕು ಕದ್ದವನು ಮಧ್ಯಾಹ್ನದ ಹೊತ್ತಿಗೆ ಕೊಲ್ಹಾಪುರದಲ್ಲಿ ಚಹ ಕುಡಿಯುತ್ತಿರುತ್ತಾನೆ. ಬಳ್ಳಾರಿಯಲ್ಲಿ ಸರ ಕಿತ್ತವನು ಗುಂತಕಲ್ಲಿನಲ್ಲಿ ರೈಲು ಬದಲಾಯಿಸುತ್ತಾನೆ. ಕಳ್ಳನ ಪಾಲಿಗೆ ರಾಜ್ಯದ ಗಡಿ ಎಂದರೆ ರಸ್ತೆ ಬದಿಯ ಒಂದು ಫಲಕ, ಅಷ್ಟೆ. ಅವನನ್ನು ಹುಡುಕುವ ಪೊಲೀಸರ ಕಡತಕ್ಕೆ ಮಾತ್ರ ಆ ಫಲಕ ಬಹಳ ಕಾಲ ಗೋಡೆಯಾಗಿಯೇ ನಿಂತಿತ್ತು. ಕೊಲ್ಹಾಪುರದಲ್ಲಿ ಬೇರೊಂದು ಪ್ರಕರಣದಲ್ಲಿ ಸಿಕ್ಕಿಬಿದ್ದವನು ಬೆಳಗಾವಿಗೂ ಬೇಕಾದವನೆಂದು ತಿಳಿಯಬೇಕಾದರೆ ಒಂದು ವೈರ್‌ಲೆಸ್ ಸಂದೇಶ ಹೋಗಬೇಕು, ಅದನ್ನು ಯಾರಾದರೂ ನೆನಪಿಟ್ಟಿರಬೇಕು, ಆಮೇಲೆ ಪತ್ರ ವ್ಯವಹಾರ ನಡೆಯಬೇಕು. ಅಷ್ಟರಲ್ಲಿ ಆಸಾಮಿ ಜಾಮೀನು ಪಡೆದು ಮೂರನೇ ರಾಜ್ಯದಲ್ಲಿರುತ್ತಿದ್ದ.

ಈ ಗೋಡೆಗೆ ಕಿಂಡಿ ಕೊರೆಯಲು ಕೇಂದ್ರ ಸರ್ಕಾರ ಸಾವಿರಾರು ಕೋಟಿ ರೂಪಾಯಿ ಅನುದಾನ ನೀಡಿದೆ. ಆ ಹಣ ಎಲ್ಲಿಂದ ಎಲ್ಲಿಗೆ ಹೋಯಿತು, ಅದರಿಂದ ಏನಾಯಿತು ಎಂಬುದು ನಮ್ಮ ಪಠ್ಯಪುಸ್ತಕಗಳಲ್ಲಿ ಬರುವುದಿಲ್ಲ. ಬರಬೇಕಿತ್ತು. ಪೌರನೀತಿ, ಗಣಿತ, ವಿಜ್ಞಾನ ಮೂರೂ ಒಂದೇ ಕಡೆ ಕೂಡುವ ವಿಷಯಗಳು ಹೆಚ್ಚಿಲ್ಲ.

ಆಜ್ಞೆಯ ಬದಲು ಅನುದಾನ

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ ಎಂದು ವಿದ್ಯಾರ್ಥಿಗಳು ಪರೀಕ್ಷೆಗೆಂದು ಬಾಯಿಪಾಠ ಮಾಡಿರುತ್ತಾರೆ. ಅದರಲ್ಲಿ ಪೊಲೀಸ್ ಎಂಬುದು ರಾಜ್ಯ ಪಟ್ಟಿಯ ಎರಡನೇ ನಮೂದು. ಅಂದರೆ ಯಾವ ಠಾಣೆಯಲ್ಲಿ ಯಾವ ಪುಸ್ತಕ ಇಡಬೇಕು, ಯಾವ ಕಂಪ್ಯೂಟರು ಬಳಸಬೇಕು ಎಂದು ದೆಹಲಿ ಸುಮ್ಮನೆ ಆಜ್ಞೆ ಮಾಡುವಂತಿಲ್ಲ. ಆದರೆ, ‘ಹಣ ನಾವು ಕೊಡುತ್ತೇವೆ, ಮಾಹಿತಿಯನ್ನು ಎಲ್ಲರೂ ಒಂದೇ ನಮೂನೆಯಲ್ಲಿ ಇಡಿ’ ಎಂದು ಹೇಳಬಹುದು. ಪೊಲೀಸ್ ಆಧುನೀಕರಣಕ್ಕೆಂದು ರಾಜ್ಯಗಳಿಗೆ ನೆರವು ಕೊಡುವ ಪದ್ಧತಿ 1969-70ರಿಂದಲೇ ಇದೆ.

ಅಮೆರಿಕದ್ದೂ ಇದೇ ಕಥೆ. ಅಲ್ಲಿ ಸುಮಾರು 18,000 ಬೇರೆ ಬೇರೆ ಪೊಲೀಸ್ ಸಂಸ್ಥೆಗಳಿವೆ. ಒಂದಕ್ಕೊಂದು ಅಧೀನವಲ್ಲ. 1967ರಲ್ಲಿ ಎಫ್‌ಬಿಐ ರಾಷ್ಟ್ರೀಯ ಅಪರಾಧ ಮಾಹಿತಿ ಕೇಂದ್ರವನ್ನು ಆರಂಭಿಸಿತು. 1970ರ ದಶಕದಿಂದ ಕೇಂದ್ರದ ಹಣದಲ್ಲಿ ಪ್ರಾದೇಶಿಕ ಮಾಹಿತಿ ಹಂಚಿಕೆ ಕೇಂದ್ರಗಳು ಬೆಳೆದು ಈಗ ಆರು ಆಗಿವೆ. ಅಲ್ಲಿಯ ಒಂದು ಷರತ್ತಿನ ವಿಚಾರ ಮುಂದೆ ಹೇಳುತ್ತೇನೆ.

ನಮ್ಮಲ್ಲಿ 1986ರಲ್ಲಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಸ್ಥಾಪನೆಯಾಯಿತು. 2004ರ ಸುಮಾರಿಗೆ ‘ಸಿಪಾ’ ಎಂಬ ತಂತ್ರಾಂಶ ಠಾಣೆಗಳಿಗೆ ಬಂತು. ಅದರ ದೋಷ ಒಂದೇ. ಪ್ರತಿ ಠಾಣೆಯ ಕಂಪ್ಯೂಟರೂ ಒಂಟಿ. ಪುಸ್ತಕದಲ್ಲಿ ಬರೆಯುತ್ತಿದ್ದುದನ್ನು ಪೆಟ್ಟಿಗೆಯೊಳಗೆ ಬರೆದಂತಾಯಿತು. 2008ರ ನವೆಂಬರಿನಲ್ಲಿ ಮುಂಬಯಿಯ ಮೇಲೆ ದಾಳಿ ನಡೆದ ಮೇಲೆ, ಒಂದು ಇಲಾಖೆಗೆ ತಿಳಿದದ್ದು ಇನ್ನೊಂದಕ್ಕೆ ತಿಳಿಯದಿರುವ ಸ್ಥಿತಿಯ ಬಗ್ಗೆ ದೇಶವೆಲ್ಲ ಮಾತಾಡಿತು. 2009ರ ಜೂನ್‌ನಲ್ಲಿ ಕೇಂದ್ರ ಸಂಪುಟದ ಆರ್ಥಿಕ ವ್ಯವಹಾರಗಳ ಸಮಿತಿ ಸಿಸಿಟಿಎನ್‌ಎಸ್ ಎಂಬ ಯೋಜನೆಗೆ 2,000 ಕೋಟಿ ರೂಪಾಯಿ ಮಂಜೂರು ಮಾಡಿತು. ಅಪರಾಧ ಮತ್ತು ಅಪರಾಧಿಗಳ ಜಾಡು ಹಿಡಿಯುವ ಜಾಲ ಎಂದು ಅದನ್ನು ಕನ್ನಡದಲ್ಲಿ ಹೇಳಬಹುದು. ಸುಮಾರು 14,000 ಠಾಣೆಗಳನ್ನೂ 6,000 ಮೇಲಿನ ಕಚೇರಿಗಳನ್ನೂ ಒಂದೇ ಜಾಲಕ್ಕೆ ಕಟ್ಟುವುದು ಆಗಿನ ಗುರಿ.

2,000 ಕೋಟಿ ಎಂದರೆ ಕಣ್ಣು ಕುಕ್ಕುತ್ತದೆ. ಆದರೆ 20,000 ಕಚೇರಿಗಳಿಗೆ ಹಂಚಿ ನೋಡಿ: ತಲಾ 10 ಲಕ್ಷ. ಕಂಪ್ಯೂಟರು, ಪ್ರಿಂಟರು, ಕರೆಂಟು ಹೋದರೆ ಜನರೇಟರು, ತಂತ್ರಾಂಶ, ತಂತಿ ಸಂಪರ್ಕ, ಸಿಬ್ಬಂದಿಗೆ ತರಬೇತಿ, ಹಳೆಯ ದಾಖಲೆಗಳನ್ನು ಕುಳಿತು ಟೈಪು ಮಾಡಿಸುವ ಕೂಲಿ, ಎಲ್ಲವೂ ಅದರಲ್ಲೇ ಆಗಬೇಕು. ಹಣ ಕಂತುಗಳಲ್ಲಿ ಬರುತ್ತದೆ. ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಹೋಗದಿದ್ದರೆ ಮುಂದಿನದು ತಡವಾಗುತ್ತದೆ. ಸರ್ಕಾರಿ ಅನುದಾನದ ಈ ರೀತಿನೀತಿ ಶಾಲೆಯ ಪ್ರಯೋಗಾಲಯಕ್ಕೆ ನಾಲ್ಕು ಸೂಕ್ಷ್ಮದರ್ಶಕ ತರಿಸಿದ ಯಾವ ಮೇಷ್ಟರಿಗೂ ಹೊಸತಲ್ಲ. 2012ಕ್ಕೆ ಮುಗಿಯಬೇಕಿದ್ದ ಕೆಲಸ 2015ಕ್ಕೆ, ಅಲ್ಲಿಂದ 2017ಕ್ಕೆ ಮುಂದೂಡಲ್ಪಟ್ಟಿತು. ಕರ್ನಾಟಕದ್ದು ಸ್ವಲ್ಪ ಬೇರೆ ದಾರಿ. ಇಲ್ಲಿ ‘ಪೊಲೀಸ್ ಐಟಿ’ ಎಂಬ ನಮ್ಮದೇ ತಂತ್ರಾಂಶವಿತ್ತು. ಅದನ್ನು ಬಿಡದೆ, ಅದರ ಮಾಹಿತಿಯನ್ನೇ ರಾಷ್ಟ್ರೀಯ ಜಾಲದ ನಮೂನೆಗೆ ಹೊಂದಿಸಲಾಯಿತು. ಇಂದು ದೇಶದ 16,000ಕ್ಕೂ ಹೆಚ್ಚು ಠಾಣೆಗಳು ಈ ಜಾಲದಲ್ಲಿವೆ.

ಹೆಸರಿನ ತೊಡಕು

ತಂತಿ ಎಳೆದ ಮಾತ್ರಕ್ಕೆ ಮಾಹಿತಿ ಹರಿಯುವುದಿಲ್ಲ. ಮಂಜುನಾಥ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬ ಬರಹಗಾರ ಕೊನೆಗೆ ‘ಎ’ ಹಾಕುತ್ತಾನೆ, ಇನ್ನೊಬ್ಬ ಬಿಡುತ್ತಾನೆ. ‘ಥ’ಕ್ಕೆ ಒಬ್ಬ ಬರೀ ‘ಟಿ’ ಬರೆದರೆ ಮತ್ತೊಬ್ಬ ‘ಟಿ ಎಚ್’ ಬರೆಯುತ್ತಾನೆ. ನಮ್ಮ ಕಡೆ ತಂದೆಯ ಹೆಸರಿನ ಮೊದಲ ಅಕ್ಷರ ಮುಂದೆ ಬಂದರೆ ಉತ್ತರದಲ್ಲಿ ಕುಲನಾಮ ಹಿಂದೆ ಬರುತ್ತದೆ. ಕಂಪ್ಯೂಟರಿಗೆ ಇವೆಲ್ಲ ಬೇರೆ ಬೇರೆ ಮನುಷ್ಯರು. ಇನ್ನು ಕಳ್ಳ ತನ್ನ ನಿಜವಾದ ಹೆಸರನ್ನೇ ಹೇಳುತ್ತಾನೆಂಬ ಭರವಸೆ ಏನು?

ಹಾಗಾದರೆ ಸುಳ್ಳು ಹೇಳಲಾಗದ ಗುರುತು ಯಾವುದು? ಇದಕ್ಕೆ ಉತ್ತರ ಕಂಡುಕೊಂಡದ್ದು 1897ರ ಕಲ್ಕತ್ತ. ಜಗತ್ತಿನ ಮೊದಲ ಬೆರಳಚ್ಚು ಬ್ಯೂರೋ ಆರಂಭವಾದದ್ದು ಅಲ್ಲಿ. ಎಡ್ವರ್ಡ್ ಹೆನ್ರಿ ಅಲ್ಲಿಯ ಪೊಲೀಸ್ ಮುಖ್ಯಸ್ಥ. ಅವನ ಕೈಕೆಳಗೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯರಿದ್ದರು. ಹಕ್ ಗಣಿತ ಓದಿದವರು. ಬೆರಳಚ್ಚುಗಳನ್ನು ಸಂಗ್ರಹಿಸುವುದು ಸುಲಭ. ಸಾವಿರಾರು ಹಾಳೆಗಳ ರಾಶಿಯಿಂದ ಬೇಕಾದ ಒಂದನ್ನು ಹುಡುಕಿ ತೆಗೆಯುವುದು ಹೇಗೆ ಎಂಬುದೇ ಸಮಸ್ಯೆಯಾಗಿತ್ತು. ಹಕ್ ಕೊಟ್ಟ ಉಪಾಯ ಎಷ್ಟು ಸೊಗಸಾಗಿದೆಯೆಂದರೆ ಅದನ್ನು ನಾನು ತರಗತಿಯಲ್ಲಿ ಸ್ಟಾಂಪ್ ಪ್ಯಾಡ್ ಇಟ್ಟುಕೊಂಡು ಮಕ್ಕಳಿಂದಲೇ ಮಾಡಿಸುತ್ತೇನೆ. ನೀವೂ ಮನೆಯಲ್ಲಿ ಮಾಡಿ ನೋಡಬಹುದು.

ಬೆರಳ ತುದಿಯ ಗೆರೆಗಳಲ್ಲಿ ಮುಖ್ಯವಾಗಿ ಮೂರು ಬಗೆ: ಕಮಾನು, ಕುಣಿಕೆ, ಸುರುಳಿ. ಕುಣಿಕೆಯೇ ಹೆಚ್ಚು, ನೂರರಲ್ಲಿ ಅರವತ್ತಕ್ಕೂ ಮೇಲೆ. ಸುರುಳಿ ಮೂವತ್ತರ ಆಸುಪಾಸು. ಕಮಾನು ಅಪರೂಪ. ಬಲಗೈ ಹೆಬ್ಬೆರಳಿನಿಂದ ಶುರುಮಾಡಿ ಕಿರುಬೆರಳಿನವರೆಗೆ ಒಂದರಿಂದ ಐದು, ಎಡಗೈ ಹೆಬ್ಬೆರಳಿನಿಂದ ಕಿರುಬೆರಳಿಗೆ ಆರರಿಂದ ಹತ್ತು ಎಂದು ಸಂಖ್ಯೆ ಕೊಡಿ. ಮೊದಲ ಜೋಡಿ ಬೆರಳುಗಳಿಗೆ ಬೆಲೆ 16. ಮುಂದಿನ ಜೋಡಿಗಳಿಗೆ ಕ್ರಮವಾಗಿ 8, 4, 2, 1. ಬೆರಳಲ್ಲಿ ಸುರುಳಿ ಇದ್ದರೆ ಮಾತ್ರ ಆ ಬೆಲೆ, ಇಲ್ಲದಿದ್ದರೆ ಸೊನ್ನೆ. ಸಮ ಸಂಖ್ಯೆಯ ಬೆರಳುಗಳ ಮೊತ್ತಕ್ಕೆ 1 ಸೇರಿಸಿ ಅಂಶದಲ್ಲಿ ಬರೆಯಿರಿ. ಬೆಸ ಬೆರಳುಗಳ ಮೊತ್ತಕ್ಕೆ 1 ಸೇರಿಸಿ ಛೇದದಲ್ಲಿ. ಬಲಗೈ ಹೆಬ್ಬೆರಳು ಮತ್ತು ಎಡಗೈ ನಡುಬೆರಳುಗಳಲ್ಲಷ್ಟೇ ಸುರುಳಿ ಇದ್ದರೆ ಅಂಶ 2+1=3, ಛೇದ 16+1=17. ಅವನ ಹಾಳೆ 3/17 ಎಂಬ ಗೂಡಿನಲ್ಲಿರುತ್ತದೆ. ಒಟ್ಟು ಗೂಡುಗಳು 32ರ 32 ಪಟ್ಟು, ಅಂದರೆ 1,024. ಎರಡರ ಹತ್ತನೇ ಘಾತ! ಕಂಪ್ಯೂಟರು ಹುಟ್ಟುವುದಕ್ಕೆ ಅರ್ಧ ಶತಮಾನ ಮೊದಲೇ ಕಲ್ಕತ್ತದ ಕಚೇರಿಯೊಂದರ ಮರದ ಗೂಡುಗಳಲ್ಲಿ ದ್ವಿಮಾನ ಗಣಿತ ಕೆಲಸ ಮಾಡುತ್ತಿತ್ತು. 1901ರಲ್ಲಿ ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್ ಕೂಡ ಇದನ್ನೇ ಅನುಸರಿಸಿತು. ಪದ್ಧತಿಗೆ ಮಾತ್ರ ಹೆನ್ರಿಯ ಹೆಸರು ಬಿತ್ತು. ಹಕ್ ಅವರಿಗೆ ಖಾನ್ ಬಹದ್ದೂರ್, ಬೋಸ್ ಅವರಿಗೆ ರಾಯ್ ಬಹದ್ದೂರ್ ಬಿರುದುಗಳು ಬಂದವು.

ಬ್ಯೂರೋ ಆರಂಭವಾದ ಹೊಸತರಲ್ಲೇ ಜಲಪಾಯಿಗುರಿಯ ಚಹ ತೋಟದ ಮ್ಯಾನೇಜರನ ಕೊಲೆಯಾಯಿತು. ಪೆಟ್ಟಿಗೆ ಒಡೆದು ಹಣ ದೋಚಲಾಗಿತ್ತು. ಅಲ್ಲಿದ್ದ ಬಂಗಾಳಿ ಪಂಚಾಂಗವೊಂದರ ಮೇಲೆ ಕಂದು ಬಣ್ಣದ ಹೆಬ್ಬೆರಳ ಗುರುತು. ಕಲ್ಕತ್ತಕ್ಕೆ ಕಳಿಸಿ ನೋಡಿದರೆ, ಹಿಂದೆ ಕಳವಿಗಾಗಿ ಜೈಲಿಗೆ ಹೋಗಿದ್ದ ಅದೇ ಮನೆಯ ಹಳೆಯ ಆಳು ಕಂಗಾಲಿ ಚರಣನ ಹಾಳೆಯೊಂದಿಗೆ ತಾಳೆಯಾಯಿತು. ಅವನು ಸಿಕ್ಕಿದ್ದು ದೂರದ ಬೀರ್‌ಭೂಮ್ ಜಿಲ್ಲೆಯಲ್ಲಿ. 1898ರಲ್ಲಿ ನ್ಯಾಯಾಲಯ ಅವನಿಗೆ ಕಳವಿಗಾಗಿ ಶಿಕ್ಷೆ ಕೊಟ್ಟಿತು. ಕೊಲೆಯನ್ನು ಕಣ್ಣಾರೆ ಕಂಡವರಿಲ್ಲವೆಂದು ಆ ಆರೋಪದಿಂದ ಬಿಟ್ಟಿತು. ಬೆರಳು ಅಲ್ಲಿತ್ತು ಎನ್ನುವುದು ಬೇರೆ, ಬೆರಳು ಏನು ಮಾಡಿತು ಎನ್ನುವುದು ಬೇರೆ ಎಂಬ ವಿವೇಚನೆ ಆ ಮೊದಲ ದಿನಗಳಲ್ಲೇ ಇತ್ತೆಂಬುದನ್ನು ಗಮನಿಸಬೇಕು.

ಆ 1,024 ಗೂಡುಗಳ ಇಂದಿನ ರೂಪವೇ ‘ನಾಫಿಸ್’ ಎಂಬ ರಾಷ್ಟ್ರೀಯ ಸ್ವಯಂಚಾಲಿತ ಬೆರಳಚ್ಚು ವ್ಯವಸ್ಥೆ. 2022ರ ಆಗಸ್ಟ್‌ನಲ್ಲಿ ಇದರ ಉದ್ಘಾಟನೆಯಾಯಿತು. ಬಂಧಿತನಾದ ಪ್ರತಿಯೊಬ್ಬನಿಗೂ ಹತ್ತು ಅಂಕಿಗಳ ಸಂಖ್ಯೆ. ಮೊದಲ ಎರಡು ಅಂಕಿ ರಾಜ್ಯದ್ದು. ಯಾವ ರಾಜ್ಯದಲ್ಲಿ ಯಾವ ಹೆಸರು ಹೇಳಿದರೂ ಅದೇ ಸಂಖ್ಯೆ ಎದ್ದುಬರುತ್ತದೆ. ಅದೇ ವರ್ಷದ ಏಪ್ರಿಲ್‌ನಲ್ಲಿ ಮಧ್ಯಪ್ರದೇಶದ ಪೊಲೀಸರು ಇದರ ನೆರವಿನಿಂದ ಮೃತ ವ್ಯಕ್ತಿಯೊಬ್ಬನ ಗುರುತು ಪತ್ತೆ ಮಾಡಿದರು. ಹೀಗೆ ಮಾಡಿದ ಮೊದಲ ರಾಜ್ಯ ಅದು. ಹುಡುಕುತ್ತ ಕುಳಿತ ಮನೆಯವರಿಗೆ ಖಚಿತ ಸುದ್ದಿ ಮುಟ್ಟುವುದೂ ಮಾಹಿತಿ ಹಂಚಿಕೆಯ ಫಲವೇ.

ಬರೆದದ್ದನ್ನು ಅಳಿಸುವವರು ಯಾರು?

2022ರ ಫೆಬ್ರವರಿಯಲ್ಲಿ ಇನ್ನೊಂದು ದೊಡ್ಡ ಮೊತ್ತ ಮಂಜೂರಾಯಿತು. ಪೊಲೀಸು, ನ್ಯಾಯಾಲಯ, ಜೈಲು, ಅಭಿಯೋಜನೆ, ವಿಧಿವಿಜ್ಞಾನ ಪ್ರಯೋಗಾಲಯ ಈ ಐದನ್ನೂ ಜೋಡಿಸುವ ಯೋಜನೆಯ ಎರಡನೇ ಹಂತಕ್ಕೆ, 2022-23ರಿಂದ 2025-26ರವರೆಗಿನ ಅವಧಿಗೆ 3,375 ಕೋಟಿ ರೂಪಾಯಿ. ಒಂದು ಕಡೆ ಒಮ್ಮೆ ಬರೆದ ಮಾಹಿತಿ ಎಲ್ಲ ಕಡೆಗೂ ಸಿಗಬೇಕೆಂಬುದು ಉದ್ದೇಶ.

ಪಾಲಕರು ಕಿವಿಗೊಡಬೇಕಾದ ಮಾತು ಇಲ್ಲಿದೆ. ಕಾಲೇಜಿನ ಗಲಾಟೆಯೊಂದರಲ್ಲಿ ಹುಡುಗನ ಹೆಸರು ಸೇರಿತೆನ್ನಿ. ಹಿಂದಿನ ಕಾಲದಲ್ಲಾದರೆ ಆ ಕಾಗದ ಆ ಠಾಣೆಯ ಬೀರುವಿನಲ್ಲೇ ಉಳಿಯುತ್ತಿತ್ತು. ಈಗ ಅದು ಪಾಸ್‌ಪೋರ್ಟ್ ಪರಿಶೀಲನೆಯ ವೇಳೆ ಎಲ್ಲಿಂದಲಾದರೂ ಕಾಣಬಹುದು. ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿದ ತೀರ್ಪೂ ಅಷ್ಟೇ ವೇಗವಾಗಿ ಅಲ್ಲಿಗೆ ಸೇರಬೇಡವೇ? ಆರೋಪ ಓಡಿ, ಖುಲಾಸೆ ನಡೆದುಕೊಂಡು ಬಂದರೆ ಅದು ಹಂಚಿಕೆಯಲ್ಲ, ಅನ್ಯಾಯ. 2022ರ ಅಪರಾಧ ಪ್ರಕ್ರಿಯೆ (ಗುರುತಿಸುವಿಕೆ) ಕಾಯಿದೆ ಬೆರಳಚ್ಚು ಮುಂತಾದ ಗುರುತುಗಳನ್ನು 75 ವರ್ಷ ಇಡಲು ಅವಕಾಶ ಕೊಡುತ್ತದೆ. ಹಿಂದೆ ಶಿಕ್ಷೆಯಾಗಿರದವನು ಬಿಡುಗಡೆಯಾದರೆ, ಮೇಲ್ಮನವಿಗಳೆಲ್ಲ ಮುಗಿದ ಮೇಲೆ ಅವನ್ನು ಅಳಿಸಬೇಕೆಂದೂ ಹೇಳುತ್ತದೆ. ಕಾರಣ ಬರೆದು ಬೇರೆ ಆದೇಶ ಮಾಡುವ ಅಧಿಕಾರ ಮಾತ್ರ ನ್ಯಾಯಾಲಯಕ್ಕಿದೆ. ಹದಿನೆಂಟು ತುಂಬದವರಿಗೆ 2015ರ ಬಾಲನ್ಯಾಯ ಕಾಯಿದೆಯ ಹೆಚ್ಚಿನ ರಕ್ಷಣೆಯಿದೆ. ಕೆಲವು ಘೋರ ಅಪರಾಧಗಳ ಹೊರತು, ಬಾಲಕರ ತಪ್ಪಿನ ದಾಖಲೆ ಮುಂದಿನ ಬದುಕಿಗೆ ಅಡ್ಡ ಬರಬಾರದು, ಕಾಲಕ್ರಮದಲ್ಲಿ ಅದನ್ನು ನಾಶ ಮಾಡಬೇಕು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್‌ನಲ್ಲಿ ಹೇಳಿತು. ಆ ದಾವೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದನ್ನು ನಮ್ಮ ಮಕ್ಕಳಿಗೆ ತಿಳಿಸಬೇಕು.

ಅಮೆರಿಕದ ಷರತ್ತಿನ ಮಾತು ಬಾಕಿಯಿತ್ತು. ಅಲ್ಲಿ ಕೇಂದ್ರದ ಹಣದಿಂದ ಅಪರಾಧ ಗುಪ್ತ ಮಾಹಿತಿಯ ಸಂಗ್ರಹ ನಡೆಸುವವರಿಗೆ ಒಂದು ನಿಯಮವಿದೆ. ಸಕಾರಣವಾದ ಸಂಶಯವಿಲ್ಲದೆ ಯಾರ ಹೆಸರನ್ನೂ ಸೇರಿಸಕೂಡದು. ಸೇರಿಸಿದ್ದನ್ನು ಐದು ವರ್ಷದೊಳಗೆ ಮತ್ತೆ ಪರಿಶೀಲಿಸಿ, ಆಧಾರ ಉಳಿದಿಲ್ಲವಾದರೆ ತೆಗೆದುಹಾಕಬೇಕು. ಶಿಕ್ಷೆಯಾದವರ ದಾಖಲೆಗೆ ಇದು ಅನ್ವಯಿಸದು, ಸಂಶಯದ ಪಟ್ಟಿಗೆ ಮಾತ್ರ. ಹಣ ಕೊಡುವವರು ‘ಹಂಚಿಕೊಳ್ಳಿ’ ಎಂಬ ಷರತ್ತಿನ ಜೊತೆಗೆ ‘ಗುಡಿಸಿ’ ಎಂಬ ಷರತ್ತನ್ನೂ ಹಾಕಿದ್ದಾರೆ. ನಮ್ಮ ರೌಡಿ ಪಟ್ಟಿ, ಹಳೇ ಆಸಾಮಿಗಳ ಪಟ್ಟಿಗಳಿಗೂ ಅನುದಾನದೊಂದಿಗೆ ಇಂಥದೊಂದು ಪೊರಕೆ ಬಂದರೆ ಒಳ್ಳೆಯದೆಂದು ನನ್ನ ಅನಿಸಿಕೆ. ಕಸ ತುಂಬಿದ ಪಟ್ಟಿಯಲ್ಲಿ ನಿಜವಾದ ಕಳ್ಳನೂ ಕಳೆದುಹೋಗುತ್ತಾನೆ.

ಅಂದಹಾಗೆ ಈ ಜಾಲ ಪೊಲೀಸರಿಗಷ್ಟೇ ಅಲ್ಲ. ಸುಪ್ರೀಂ ಕೋರ್ಟಿನ 2016ರ ಆದೇಶದಂತೆ, ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಪ್ರಥಮ ವರ್ತಮಾನ ವರದಿಗಳನ್ನು ಇಂಟರ್‌ನೆಟ್ಟಿನಲ್ಲಿ ಹಾಕಬೇಕು. ಪ್ರತಿಗಾಗಿ ಠಾಣೆಗೆ ಅಲೆಯಬೇಕಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಘಟನೆ ಎಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ವಿದ್ಯುನ್ಮಾನ ಮಾರ್ಗದಲ್ಲಿ ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಮಗಳಿಗೆ ಕಾಲೇಜಿಗೆ ಹೋಗಲೆಂದು ಹಳೆಯ ಸ್ಕೂಟರು ಕೊಳ್ಳುವ ಯೋಚನೆಯಿದ್ದರೆ, ಮುಂಗಡ ಕೊಡುವ ಮೊದಲು ಅಪರಾಧ ದಾಖಲೆಗಳ ಬ್ಯೂರೋದ ಜಾಲತಾಣದಲ್ಲಿ ಅದರ ನೋಂದಣಿ, ಇಂಜಿನ್ ಮತ್ತು ಷಾಸಿ ಸಂಖ್ಯೆ ಹಾಕಿ ನೋಡಿ. ಯಾವ ರಾಜ್ಯದಲ್ಲಾದರೂ ಅದು ಕಳವಾದ ವಾಹನವೆಂದು ದಾಖಲಾಗಿದ್ದರೆ ಅಲ್ಲಿ ತಿಳಿಯುತ್ತದೆ.