ನಾಲೆಯ ಶಂಖುಹುಳು ಕಡಲು ದಾಟಿದಾಗ

ದಾವಣಗೆರೆಯಿಂದ ಹದಡಿಯ ಕಡೆ ಹೊರಟರೆ ಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆಗಳು ಕಾಣುತ್ತವೆ. ಇಂಥ ಗದ್ದೆಯ ಬಸಿಗಾಲುವೆಯಲ್ಲೋ ಕೆರೆಯಂಚಿನ ಕೆಸರಿನಲ್ಲೋ ಕೈಯಾಡಿಸಿದರೆ ಶಂಖುಹುಳುಗಳು ಸಿಗುತ್ತವೆ. ದಕ್ಷಿಣ ಭಾರತದ ಕೆರೆ, ನಾಲೆಗಳಲ್ಲಿ ತೀರಾ ಸಾಮಾನ್ಯವಾದ ಎರಡು ಜಾತಿಗಳನ್ನು ಇಲ್ಲಿ ಹತ್ತಿರದಿಂದ ನೋಡೋಣ.

ಮೊದಲನೆಯದು ಇಂಡೊಪ್ಲಾನಾರ್ಬಿಸ್. ಕಂದು ಬಣ್ಣದ ಚಪ್ಪಟೆ ಸುರುಳಿ, ಅಗಲ ಸುಮಾರು 2 ಸೆಂಟಿಮೀಟರ್. ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ ಇದರ ಮೈಯಲ್ಲೂ ಹರಿಯುತ್ತದೆ. ಆದ್ದರಿಂದಲೇ ಆಮ್ಲಜನಕ ಕಡಿಮೆಯಿರುವ ಕೊಳಕು ನೀರಿನಲ್ಲೂ ಇದು ಬದುಕುತ್ತದೆ. ನೀರು ಬತ್ತಿದರೆ ಕೆಸರಿನಲ್ಲಿ ಹೂತುಕೊಂಡು ಮುಂದಿನ ನೀರಿಗೆ ಕಾಯುತ್ತದೆ. ಎರಡನೆಯದು ಮೆಲನಾಯ್ಡಿಸ್. ಉದ್ದನೆಯ ಚೂಪು ಚಿಪ್ಪು, ಬಾಯಿಗೊಂದು ಮುಚ್ಚಳ. ಹಗಲು ಕೆಸರಿನೊಳಗಿದ್ದು ರಾತ್ರಿ ಹೊರಬರುತ್ತದೆ. ಇವುಗಳಲ್ಲಿ ಹೆಚ್ಚಿನವು ಹೆಣ್ಣೇ. ಗಂಡಿನ ನೆರವಿಲ್ಲದೆ ಮರಿ ಹಾಕುತ್ತವೆ. ಇಂಡೊಪ್ಲಾನಾರ್ಬಿಸ್ ಕೂಡ ಒಂಟಿಯಾಗಿಯೇ ಸಂತಾನ ಬೆಳೆಸಬಲ್ಲದು. ಹಾಗಾಗಿ ಎಲ್ಲಿಗಾದರೂ ಒಂದೇ ಒಂದು ಹುಳು ತಲುಪಿದರೆ ಸಾಕು, ಅಲ್ಲೊಂದು ಸಂಸಾರ ಹೂಡಿದಂತೆಯೇ.

ಇವುಗಳ ಒಳಗೆ ಇನ್ನೊಂದು ಲೋಕವಿದೆ. ದನ, ಎಮ್ಮೆಗಳಿಗೆ ಬರುವ ಗೊರಕೆ ರೋಗ ರೈತರಿಗೆ ಗೊತ್ತಿರುವುದೇ. ಮೂಗಿನಿಂದ ಸಿಂಬಳ ಸುರಿಯುತ್ತದೆ, ಮೂಗಿನೊಳಗೆ ಹೂಕೋಸಿನಂಥ ಗಂಟು ಬೆಳೆಯುತ್ತದೆ, ಉಸಿರೆಳೆದಾಗಲೆಲ್ಲ ಗೊರಕೆಯ ಸದ್ದು ಬರುತ್ತದೆ. ಮೂಗಿನ ರಕ್ತನಾಳಗಳಲ್ಲಿ ವಾಸಿಸುವ ಶಿಸ್ಟೊಸೋಮ ನೇಸೇಲ್ ಎಂಬ ಪರಾವಲಂಬಿ ಹುಳುವೇ ಇದಕ್ಕೆ ಕಾರಣ. ಆ ಹುಳುವಿಗೆ ಈ ಹೆಸರು ಕೊಟ್ಟವರು ಭಾರತದವರೇ ಆದ ರಾವ್ ಎಂಬ ವಿಜ್ಞಾನಿ, 1933ರಲ್ಲಿ. ದನ ನೀರು ಕುಡಿಯುವಾಗ ಸಿಂಬಳದೊಂದಿಗೆ ಮೊಟ್ಟೆಗಳು ನೀರಿಗೆ ಬೀಳುತ್ತವೆ. ಅವುಗಳಿಂದ ಹೊರಬಂದ ಮರಿಗೆ ಆಯಸ್ಸು ಕೆಲವೇ ಗಂಟೆ. ಅಷ್ಟರೊಳಗೆ ಅದು ಇಂಡೊಪ್ಲಾನಾರ್ಬಿಸ್ ಹುಳುವನ್ನು ಹುಡುಕಿ ಒಳಹೊಗಬೇಕು. ಹೊಕ್ಕ ಮೇಲೆ ಒಂದು ಹೋಗಿ ಸಾವಿರಾರು ಆಗುತ್ತದೆ. ಬಾಲ ಕವಲೊಡೆದ ಹೊಸ ಮರಿಗಳು ಮತ್ತೆ ನೀರಿಗಿಳಿದು, ದನದ ಚರ್ಮ ತೂರಿ ಒಳಸೇರುತ್ತವೆ. ನಾಟಿಗೆ ಇಳಿದವರ ಕಾಲಿಗೂ ಅವು ಚುಚ್ಚುತ್ತವೆ. ಮನುಷ್ಯನ ಮೈಯಲ್ಲಿ ಬೆಳೆಯಲಾರದೆ ಚರ್ಮದಲ್ಲೇ ಸಾಯುತ್ತವೆ. ಗದ್ದೆಗಿಳಿದ ಮೇಲೆ ಕಾಲು ಕೆಂಪಾಗಿ ತುರಿಸುವುದಕ್ಕೆ ಇದೂ ಒಂದು ಕಾರಣ.

ಇಂಥ ಪರಾವಲಂಬಿ ಹುಳುಗಳ ಪಯಣ, ಹದಡಿಯಿಂದ ಹುಬ್ಬಳ್ಳಿಗೆ ಹೋಗುವವರು ದಾವಣಗೆರೆಯಲ್ಲಿ ಬಸ್ಸು ಬದಲಿಸಿದಂತೆ. ಸರಿಯಾದ ಬಸ್ಸು ಸಿಕ್ಕರೆ ಊರು ಸೇರಬಹುದು, ತಪ್ಪು ಬಸ್ಸು ಹತ್ತಿದರೆ ದಾರಿ ಅಲ್ಲಿಗೇ ಮುಗಿಯಿತು. ನೀರಿಗೆ ಹೊರಗಿನಿಂದ ಹೊಸ ಚಿಪ್ಪುಜೀವಿ ಬಂದಾಗ ಕೆಡುವುದು ಈ ಹಳೆಯ ವ್ಯವಸ್ಥೆಯೇ. ಅದು ಮೂರು ಬಗೆಯಲ್ಲಿ ಆಗಬಹುದು. ಹೊಸ ಚಿಪ್ಪುಜೀವಿ ತಪ್ಪು ಬಸ್ಸಾಗಿ ಪರಾವಲಂಬಿಯನ್ನು ಕೊಲ್ಲಬಹುದು. ಅಥವಾ ಪರಾವಲಂಬಿಗೆ ಮನೆಯಾಗಿದ್ದ ಹಳೆಯ ಬಸವನಹುಳುವನ್ನೇ ಓಡಿಸಬಹುದು. ಇಲ್ಲವೇ ತನ್ನ ಜೊತೆ ಹೊಸ ಪರಾವಲಂಬಿಯನ್ನೇ ಕರೆತರಬಹುದು.

ಇದಕ್ಕೆ ನಮ್ಮ ಕೆರೆಯ ಮೆಲನಾಯ್ಡಿಸ್‌ಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಏಷ್ಯಾ, ಆಫ್ರಿಕಾ ಮೂಲದ ಈ ಹುಳು ಅಕ್ವೇರಿಯಂ ವ್ಯಾಪಾರದ ಬೆನ್ನೇರಿ ಅಮೆರಿಕ ಖಂಡಗಳನ್ನು ಮುಟ್ಟಿತು. ಕೆರಿಬಿಯನ್ ದ್ವೀಪ ಮಾರ್ಟಿನಿಕ್‌ನಲ್ಲಿ ಬಿಲ್‌ಹಾರ್ಜಿಯಾ ಎಂಬ ಮನುಷ್ಯರ ರೋಗವಿತ್ತು. ಅದರ ಹುಳುವನ್ನು ಹೊತ್ತು ತಿರುಗುತ್ತಿದ್ದುದು ಬಯೊಂಫಲೇರಿಯಾ ಎಂಬ ಬಸವನಹುಳು. 1980ರ ದಶಕದಲ್ಲಿ ಅಲ್ಲಿನ ಸೊಪ್ಪಿನ ಮಡಿಗಳಿಗೆ ಮೆಲನಾಯ್ಡಿಸ್ ಬಿಟ್ಟರು. ಅದು ಹಬ್ಬಿದಂತೆ ಬಯೊಂಫಲೇರಿಯಾ ಕಾಣೆಯಾಯಿತು. ರೋಗದ ಹರಡುವಿಕೆ ನಿಲ್ಲಲು ಇದೂ ನೆರವಾಯಿತು.

ಅದೇ ಮೆಲನಾಯ್ಡಿಸ್ ಟೆಕ್ಸಾಸ್‌ನಲ್ಲಿ ಬೇರೆಯದೇ ಕೆಲಸ ಮಾಡಿತು. ಸೆಂಟ್ರೊಸೆಸ್ಟಸ್ ಎಂಬ ಏಷ್ಯಾದ ಚಪ್ಪಟೆಹುಳುವನ್ನು ಹೊರುವುದೂ ಮೆಲನಾಯ್ಡಿಸ್. ಕೊಮಾಲ್ ನದಿಯಲ್ಲಿ ಈ ಪರಾವಲಂಬಿ ಅಲ್ಲಿನ ಮೀನುಗಳ ಕಿವಿರುಗಳಿಗೆ ನುಗ್ಗಿತು. ಫೌಂಟನ್ ಡಾರ್ಟರ್ ಎಂಬ, ಮೊದಲೇ ಅಳಿವಿನ ಅಂಚಿನಲ್ಲಿದ್ದ ಪುಟ್ಟ ಮೀನಿನ ಕಿವಿರಿನಲ್ಲಿ ಗೂಡು ಕಟ್ಟಿತು. ಕಿವಿರಿನ ಮೃದ್ವಸ್ಥಿ ದಪ್ಪಗಾಗಿ ಮೀನಿಗೆ ಉಸಿರಾಟವೇ ಕಷ್ಟವಾಯಿತು. ಒಂದು ಕಡೆ ರೋಗ ತಗ್ಗಿಸಿದ ಶಂಖುಹುಳುವೇ ಇನ್ನೊಂದು ಕಡೆ ರೋಗ ತಂದಿತು. ವ್ಯತ್ಯಾಸವಿದ್ದದ್ದು ಅದು ಹೊತ್ತು ತಂದ ಹುಳುವಿನಲ್ಲಿ, ಮತ್ತು ಆ ನೀರಿನಲ್ಲಿ ಮೊದಲೇ ಇದ್ದ ಜೀವಿಗಳಲ್ಲಿ.

ಕಡಲಿನಲ್ಲೂ ಇದೇ ಕಥೆ, ಇನ್ನೂ ದೊಡ್ಡ ಪ್ರಮಾಣದಲ್ಲಿ. ಜಪಾನಿನ ಕಡೆಯ ಪೆಸಿಫಿಕ್ ಸಿಂಪಿಯನ್ನು ಸಾಕಣೆಗೆಂದು 1964ರಲ್ಲಿ ನೆದರ್ಲೆಂಡ್ಸ್‌ಗೆ ತಂದರು. ಜರ್ಮನಿಯ ಸಿಲ್ಟ್ ದ್ವೀಪದ ಬಳಿ 1980ರ ದಶಕದಲ್ಲಿ ಸಾಕಿದರು. ಅಲ್ಲಿಂದ ಅದು ಕಾಡುಬಿದ್ದು ವಾಡೆನ್ ಕಡಲತೀರದಲ್ಲಿ ದಿಬ್ಬ ದಿಬ್ಬವಾಗಿ ಬೆಳೆಯಿತು. ಅಲ್ಲಿನ ಸ್ಥಳೀಯ ನೀಲಿ ಮಸೆಲ್ ಚಿಪ್ಪಿನ ಮಾಂಸದೊಳಗೆ ಹಿಮಾಸ್ತ್ಲಾ ಎಂಬ ಚಪ್ಪಟೆಹುಳುವಿನ ಮರಿಗಳು ಗೂಡು ಕಟ್ಟುತ್ತವೆ. ಅವುಗಳ ಪಯಣ ಹೊರಡುವುದು ಒಂದು ಬಸವನಹುಳುವಿನಿಂದ, ಮುಗಿಯುವುದು ಕಡಲಕ್ಕಿಯ ಹೊಟ್ಟೆಯಲ್ಲಿ. ಪ್ರಯೋಗಗಳಲ್ಲಿ ಸಿಂಪಿ ಜೊತೆಗಿದ್ದಾಗ ಮಸೆಲ್‌ಗೆ ಸೇರುವ ಹುಳುಗಳ ಸಂಖ್ಯೆ ಗಣನೀಯವಾಗಿ ತಗ್ಗಿತು. ನೀರನ್ನು ಸೋಸಿ ಉಣ್ಣುವ ಸಿಂಪಿ ಈಜುವ ಮರಿಗಳನ್ನೂ ಒಳಗೆಳೆದುಕೊಳ್ಳುತ್ತದೆ. ಅಲ್ಲಿಗೆ ಹೋದವು ಮುಂದೆ ಹೋಗಲಾರವು. ತಜ್ಞರು ಇದನ್ನು ತೆಳುಗೊಳಿಸುವ ಪರಿಣಾಮ ಎನ್ನುತ್ತಾರೆ.

ಅದೇ ಸಿಂಪಿ ಮೈಟಿಲಿಕೋಲ ಎಂಬ ಕೆಂಪು ಬಣ್ಣದ ಪರಾವಲಂಬಿಯನ್ನೂ ಯುರೋಪಿಗೆ ತಂದಿತು. ಸಿಗಡಿಯ ದೂರದ ನೆಂಟನಾದರೂ ಸಿಂಪಿಯ ಕರುಳಿನಲ್ಲಿ ಹುಳುವಿನ ಆಕಾರ ತಾಳಿರುವ ಜೀವಿ ಅದು. ಈಗ ಅದು ಸ್ಥಳೀಯ ಮಸೆಲ್‌ನ ಕರುಳಿಗೂ ದಾಟಿದೆ. ಒಂದು ಹುಳುವಿನಿಂದ ಕಾಪಾಡಿದ ಅತಿಥಿಯೇ ಇನ್ನೊಂದನ್ನು ಹೊರಿಸಿದೆ.

ಅಮೆರಿಕದ ಪೂರ್ವ ಕರಾವಳಿಯಲ್ಲಿ ಆದದ್ದು ನೇರ ಅನಾಹುತ. 1957ರಲ್ಲಿ ಡೆಲವೇರ್ ಕೊಲ್ಲಿ, 1959ರಲ್ಲಿ ಚೆಸಪೀಕ್ ಕೊಲ್ಲಿ, ಎರಡೂ ಕಡೆ ಸ್ಥಳೀಯ ಸಿಂಪಿಗಳು ರಾಶಿ ರಾಶಿಯಾಗಿ ಸತ್ತವು. ಕಾರಣ ಹ್ಯಾಪ್ಲೊಸ್ಪೊರಿಡಿಯಮ್ ಎಂಬ ಏಕಕೋಶ ಪರಾವಲಂಬಿ. ದಶಕಗಳ ನಂತರ ಅದರ ಡಿಎನ್‌ಎ ಓದಿದಾಗ ಪೆಸಿಫಿಕ್ ಸಿಂಪಿಯಲ್ಲಿರುವ ಪರಾವಲಂಬಿಗೆ ಹೊಂದಿಕೆಯಾಯಿತು. ಪೆಸಿಫಿಕ್ ಸಿಂಪಿಗೆ ಅದರಿಂದ ಅಷ್ಟೇನೂ ತೊಂದರೆಯಿಲ್ಲ, ಒಟ್ಟಿಗೆ ಬಾಳಿ ಪಳಗಿವೆ. ಎಂದೂ ಅದನ್ನು ಕಾಣದ ಸಿಂಪಿ ಮಾತ್ರ ಸೋತುಹೋಯಿತು.

ಹೊಸಬರು ಏಕೆ ಇಷ್ಟು ಬಲಿಷ್ಠರಾಗುತ್ತಾರೆ? 2003ರಲ್ಲಿ ನೇಚರ್ ಪತ್ರಿಕೆಯಲ್ಲಿ ಮಾರ್ಕ್ ಟಾರ್ಚಿನ್ ಮತ್ತು ಸಂಗಡಿಗರು 26 ಪರಕೀಯ ಪ್ರಾಣಿಜಾತಿಗಳ ಲೆಕ್ಕ ಕೊಟ್ಟರು. ತವರಿನಲ್ಲಿ ಒಂದೊಂದು ಜಾತಿಗೆ ಸರಾಸರಿ 16 ಪರಾವಲಂಬಿಗಳು. ಹೊಸ ನೆಲಕ್ಕೆ ಜೊತೆಯಲ್ಲಿ ಬಂದವು ಮೂರು, ಅಲ್ಲಿ ಅಂಟಿಕೊಂಡವು ನಾಲ್ಕು. ಅರ್ಧಕ್ಕಿಂತ ಹೆಚ್ಚು ಹೊರೆ ಹಿಂದೆಯೇ ಉಳಿಯಿತು. ಕ್ಯಾಲಿಫೋರ್ನಿಯಾದ ಕೆಸರುತೀರಗಳಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಜಪಾನಿನ ಸಿಂಪಿಯ ಸರಕಿನ ಜೊತೆ ಬಂದ ಬ್ಯಾಟಿಲೇರಿಯಾ ಎಂಬ ಶಂಖುಹುಳು ಸ್ಥಳೀಯ ಶಂಖುಹುಳುವನ್ನು ಕೆಲವು ಕೊಲ್ಲಿಗಳಿಂದ ಹೊರದೂಡುತ್ತಿದೆ. ಸ್ಥಳೀಯ ಶಂಖುಹುಳುವಿನೊಳಗೆ ಹದಿನೈದಕ್ಕೂ ಹೆಚ್ಚು ಬಗೆಯ ಚಪ್ಪಟೆಹುಳುಗಳಿದ್ದವು. ಹೊಸದರಲ್ಲಿ ಇರುವುದು ಒಂದೇ ಒಂದು. ಪರಾವಲಂಬಿ ಹುಳು ಕಡಿಮೆಯಾದರೆ ಒಳ್ಳೆಯದೇ ಅಲ್ಲವೇ ಎನಿಸಬಹುದು. ಆದರೆ ಆ ಹುಳುಗಳು ಹಕ್ಕಿ, ಮೀನು, ಬಸವನಹುಳುಗಳನ್ನು ಒಂದಕ್ಕೊಂದು ಹೆಣೆದಿದ್ದ ದಾರಗಳು. ದಾರ ಕಡಿದರೆ ತೀರದ ಬದುಕಿನ ಹೆಣಿಗೆಯೇ ಸಡಿಲಗೊಳ್ಳುತ್ತದೆ.

ಇದೆಲ್ಲ ದೂರದ ಮಾತಲ್ಲ. ಕೇರಳದ ಕೊಚ್ಚಿ ಹಾಗೂ ಅಷ್ಟಮುಡಿ ಹಿನ್ನೀರಿಗೆ ದಕ್ಷಿಣ ಅಮೆರಿಕ ಮೂಲದ ಮೈಟೆಲ್ಲಾ ಎಂಬ ಮಸೆಲ್ ಬಂದು ಬೇರೂರಿದೆ. ಬಳಚು ಹೆಕ್ಕಿ ಬದುಕುವ ಅಘನಾಶಿನಿ ನದಿ ತೀರದ ಕುಟುಂಬಗಳಿಗೆ ಇದು ಎಚ್ಚರಿಕೆಯ ಗಂಟೆ. ನೆಲದ ಮೇಲೂ ಉದಾಹರಣೆಯಿದೆ. ಆಫ್ರಿಕದ ದೈತ್ಯ ಬಸವನಹುಳುವನ್ನು 1847ರಲ್ಲಿ ವಿಲಿಯಂ ಬೆನ್ಸನ್ ಮಾರಿಷಸ್‌ನಿಂದ ಕಲ್ಕತ್ತಕ್ಕೆ ತಂದ. ಈಗ ಅದು ಕೊಡಗಿನ ಕಾಫಿ ತೋಟಗಳಿಂದ ಬೆಂಗಳೂರಿನ ಹಿತ್ತಿಲುಗಳವರೆಗೆ ಹಬ್ಬಿದೆ. ಇಲಿಯ ಶ್ವಾಸಕೋಶದಲ್ಲಿ ಬೆಳೆಯುವ ಹುಳುವೊಂದಕ್ಕೆ ಅದು ಮಧ್ಯದ ಮನೆ. ಆ ಮರಿಹುಳು ಮನುಷ್ಯನ ದೇಹ ಸೇರಿದರೆ ಮಿದುಳಿನ ಪೊರೆಗೆ ಉರಿಯೂತ ಬರುತ್ತದೆ. ಕೇರಳದಲ್ಲಿ ಮಕ್ಕಳಲ್ಲೂ ಇಂಥ ಪ್ರಕರಣಗಳು ವರದಿಯಾಗಿವೆ. ಅಡಿಕೆ ತೋಟದಲ್ಲಿ ಅದನ್ನು ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ, ಸೊಪ್ಪನ್ನು ಚೆನ್ನಾಗಿ ತೊಳೆಯದೆ ತಿನ್ನಬೇಡಿ.

ನಮ್ಮ ಇಂಡೊಪ್ಲಾನಾರ್ಬಿಸ್ ಕೂಡ ನೈಜೀರಿಯಾ, ಐವರಿ ಕೋಸ್ಟ್, ಗ್ವಾಡೆಲೂಪ್‌ಗಳಲ್ಲಿ ಪರಕೀಯ ಜೀವಿಯಾಗಿ ದಾಖಲಾಗಿದೆ. ಅಲ್ಲಿನವರಿಗೆ ಅದು ಹೊರಗಿನಿಂದ ಬಂದ ತೊಂದರೆ. ಹಾಗೆಯೇ ಬೇರೆ ಊರಿನ ತೊಂದರೆ ನಮಗೂ ಬರುವುದು ಮೀನುತೊಟ್ಟಿಯ ಗಿಡದ ಬೇರಿನಲ್ಲಿ, ಮೀನುಮರಿಯ ಡ್ರಮ್ಮಿನ ನೀರಿನಲ್ಲಿ. ಬೇಡವಾದ ಅಕ್ವೇರಿಯಂ ಗಿಡ, ಹುಳುಗಳನ್ನು ಹದಡಿಯ ಕೆರೆಗಾಗಲಿ ಭದ್ರಾ ನಾಲೆಗಾಗಲಿ ಸುರಿಯಬಾರದು, ಒಣಗಿಸಿ ಹೂಳಬೇಕು. ಕೆರೆಗೆ ಮೀನುಮರಿ ಬಿಡುವ ಮುನ್ನ ತಂದ ನೀರಿನಲ್ಲಿ ಅಪರಿಚಿತ ಚಿಪ್ಪು ಇದೆಯೇ ಎಂದು ನೋಡಬೇಕು. ಗೊರಕೆ ರೋಗ ಬಂದ ದನವನ್ನು ಕೆರೆಗಿಳಿಸದೆ ಮನೆಯಲ್ಲೇ ನೀರು ಕುಡಿಸಿ, ಪಶುವೈದ್ಯರಿಗೆ ತೋರಿಸಬೇಕು. ಹೊಸ ಚಿಪ್ಪು ಕಂಡಾಗ ಅದರೊಳಗೆ ಯಾವ ಹುಳುವಿದೆ, ಅದು ಯಾರ ಮೈಗೆ ದಾಟೀತು ಎಂದು ಕೇಳಬೇಕು. ಆ ಪ್ರಶ್ನೆಯನ್ನು ಮೊದಲೇ ಕೇಳಿದ್ದರೆ ಚೆಸಪೀಕ್‌ನ ಸಿಂಪಿಗಾರರ ಬದುಕು ಬೇರೆಯೇ ಆಗಿರಬಹುದಿತ್ತು. ನಮಗೆ ಆ ಪ್ರಶ್ನೆ ಕೇಳಲು ಇನ್ನೂ ಕಾಲವಿದೆ.